ಹರಿದ ಜೀನ್ಸ್ ಹೊಲಿದವರ ಬಳಿಗೇ

ವೇಲ್ಸ್‌ನ ಪಶ್ಚಿಮ ಕರಾವಳಿಯ ಕಾರ್ಡಿಗನ್ ಸಣ್ಣ ಊರು. ಜನಸಂಖ್ಯೆ ಸುಮಾರು 4,000. ಒಂದು ಕಾಲಕ್ಕೆ ಇವರಲ್ಲಿ 400 ಮಂದಿಗೆ ಜೀನ್ಸ್ ಹೊಲಿಯುವುದೇ ಕಸುಬು. ವಾರಕ್ಕೆ 35,000 ಪ್ಯಾಂಟುಗಳು ಇಲ್ಲಿನ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದವು. ದಶಕಗಳ ಕಾಲ ನಡೆದ ಆ ಕಾರ್ಖಾನೆ 2002ರಲ್ಲಿ ಮುಚ್ಚಿತು. ಕೆಲಸ ಮೊರಾಕ್ಕೋಗೆ ಹೋಯಿತು. ಪಳಗಿದ ಕೈಗಳು ಮಾತ್ರ ಊರಲ್ಲೇ ಉಳಿದವು.

ಆ ಕೈಗಳನ್ನೇ ನಂಬಿ ಡೇವಿಡ್ ಮತ್ತು ಕ್ಲೇರ್ ಹೈಯಟ್ ದಂಪತಿ ಸುಮಾರು ಒಂದು ದಶಕದ ನಂತರ ‘ಹೈಯುಟ್ ಡೆನಿಮ್’ ಶುರು ಮಾಡಿದರು. ಅಗ್ಗದ ಬಟ್ಟೆಯ ಜೊತೆ ಬೆಲೆಯಲ್ಲಿ ಪೈಪೋಟಿಗಿಳಿದರೆ ಇಂಥ ಊರು ಮತ್ತೆ ಸೋಲುತ್ತದೆ. ಹಾಗಾಗಿ ಅವರು ಬಾಳಿಕೆಯನ್ನು ಹಿಡಿದುಕೊಂಡರು. ತಮ್ಮ ಜೀನ್ಸ್ ಯಾವಾಗ ಹರಿದರೂ ಕಳಿಸಿಕೊಡಿ, ಪುಕ್ಕಟೆ ರಿಪೇರಿ ಮಾಡಿಕೊಡುತ್ತೇವೆ ಎಂದು ಗ್ರಾಹಕರಿಗೆ ಮಾತು ಕೊಟ್ಟರು.

ಈ ಮಾತಿನ ಭಾರ ಬೀಳುವುದು ಹೊಲಿಯುವವರ ಮೇಲೆ. ಹೊಲಿಗೆ ಬಿಟ್ಟುಕೊಂಡರೆ ಪ್ಯಾಂಟು ವಾಪಸ್ ಬರುವುದು ಅವರ ಮೇಜಿಗೇ. ‘ಗ್ರ್ಯಾಂಡ್ ಮಾಸ್ಟರ್’ ಎಂದು ಕರೆಸಿಕೊಳ್ಳುವ ಈ ಕುಶಲಕರ್ಮಿಗಳು ತಾವು ಹೊಲಿದ ಜೀನ್ಸ್‌ನ ಒಳಬದಿಗೆ ಸಹಿ ಹಾಕುತ್ತಾರೆ. ಸಿದ್ಧ ಉಡುಪಿನ ಲೋಕದಲ್ಲಿ ಹೊಲಿದವರ ಹೆಸರು ಯಾರಿಗೂ ತಿಳಿಯುವುದಿಲ್ಲ. ಹಾಗಾಗಿ ಈ ಸಹಿ ನನಗೆ ರಿಪೇರಿಗಿಂತಲೂ ದೊಡ್ಡದಾಗಿ ಕಾಣುತ್ತದೆ.

ಜೀನ್ಸ್ ಹುಟ್ಟಿದ್ದೇ ದುಡಿಯುವವರಿಗಾಗಿ. ಜೇಬಿನ ಮೂಲೆ ಪದೇ ಪದೇ ಕಿತ್ತುಹೋಗುತ್ತಿದ್ದುದಕ್ಕೆ ಜೇಕಬ್ ಡೇವಿಸ್ ಎಂಬ ದರ್ಜಿ ತಾಮ್ರದ ರಿವೆಟ್ ಬಡಿದ; 1873ರಲ್ಲಿ ಬಟ್ಟೆ ವ್ಯಾಪಾರಿ ಲೆವಿ ಸ್ಟ್ರಾಸ್ ಜೊತೆಗೂಡಿ ಪೇಟೆಂಟ್ ಪಡೆದ. ಜೇಬಿಗೆ ರಿವೆಟ್ ಸಾಕು, ತೊಡೆಸಂದಿಗೆ ಸಾಲದು. ನಡೆದಂತೆಲ್ಲ ಬಟ್ಟೆಗೆ ಬಟ್ಟೆ ಉಜ್ಜಿ ಅಲ್ಲಿ ಮೊದಲು ನೀಲಿ ಮಾಸುತ್ತದೆ, ಆಮೇಲೆ ಹಾಸಿನ ನೂಲು ಸವೆದು ಹೊಕ್ಕಿನ ಬಿಳಿ ಎಳೆಗಳಷ್ಟೇ ಉಳಿಯುತ್ತವೆ. ತೂತು ಬೀಳುವ ಮುಂಚೆಯೇ ಕೊಟ್ಟರೆ ರಫೂ ಸಲೀಸು. ಒಳಗಿನಿಂದ ತೆಳು ಬಟ್ಟೆಯೊಂದನ್ನು ಆಸರೆಗಿಟ್ಟು, ಬಣ್ಣಕ್ಕೆ ಹೊಂದುವ ದಾರದಲ್ಲಿ ಯಂತ್ರವನ್ನು ಹಿಂದೆ ಮುಂದೆ ಓಡಿಸುತ್ತ ಒತ್ತೊತ್ತಾಗಿ ಹೊಲಿಯಬೇಕು. ಸವೆದ ಜಾಗ ದಾಟಿ ಗಟ್ಟಿ ಬಟ್ಟೆಯವರೆಗೂ ಹೊಲಿಗೆ ಹೋಗದಿದ್ದರೆ ತೇಪೆಯ ಅಂಚಿನಲ್ಲೇ ಮತ್ತೆ ಹರಿಯುತ್ತದೆ.

ಹೊಸ ಜೀನ್ಸನ್ನು ಆರು ತಿಂಗಳು ಒಗೆಯಲೇಬೇಡಿ ಎಂಬುದು ಹೈಯುಟ್ ಕಂಪನಿಯ ಸಲಹೆ. ನಮ್ಮ ಸೆಕೆಗೆ ಇದು ಆಗದ ಮಾತು. ಆದರೆ ಕಾರಣ ಗಟ್ಟಿಯಾಗಿದೆ: ಇಂಡಿಗೊ ನೂಲಿನ ಮೇಲ್ಮೈಗಷ್ಟೇ ಹಿಡಿಯುತ್ತದೆ, ತಿರುಳು ಬೆಳ್ಳಗೇ ಇರುತ್ತದೆ. ಒಗೆಯದೆ ತೊಟ್ಟರೆ ಮಂಡಿಯ ಹಿಂದಿನ ಮಡಿಕೆ, ಜೇಬಿನಲ್ಲಿಟ್ಟ ವಸ್ತುವಿನ ಅಚ್ಚು, ಎಲ್ಲ ತೊಟ್ಟವರ ಮೈಗೆ ತಕ್ಕಂತೆ ಮೂಡುತ್ತವೆ. ಅಂಥ ಪ್ಯಾಂಟನ್ನು ಎಸೆಯಲು ಮನಸ್ಸು ಬಾರದು.

2018ರ ಜನವರಿಯಲ್ಲಿ ಬ್ರಿಟನ್ ರಾಜಮನೆತನದ ಭಾವಿ ಸೊಸೆ ಮೇಘನ್ ಮಾರ್ಕೆಲ್ ವೇಲ್ಸ್‌ನ ರಾಜಧಾನಿ ಕಾರ್ಡಿಫ್ ಭೇಟಿಗೆ ಈ ಜೀನ್ಸ್ ತೊಟ್ಟು ಬಂದರು. ಬೇಡಿಕೆ ಏರಿತು, ಕೊಳ್ಳುವವರು ತಿಂಗಳುಗಟ್ಟಲೆ ಕಾಯಬೇಕಾಯಿತು. ಬೆಲೆಯಂತೂ ದುಬಾರಿ. ದುಡಿಮೆಗೆಂದು ಹುಟ್ಟಿದ ಉಡುಪು ದುಡಿಯುವವರ ಕೈಗೆಟುಕುವುದಿಲ್ಲ ಎಂಬ ಕೊರಗು ನನಗಿದೆ. ಆ ಬೆಲೆಯಲ್ಲಿ ಸ್ಥಳೀಯ ಕೂಲಿಯೂ ಮುಂದಿನ ರಿಪೇರಿಯೂ ಸೇರಿವೆ ಎಂಬುದೂ ನಿಜ. ಕೆಲಸ ಕಳೆದುಕೊಂಡಷ್ಟೇ ಮಂದಿಗೆ, ಅಂದರೆ 400 ಜನರಿಗೆ, ಮತ್ತೆ ಊರಲ್ಲೇ ಕೆಲಸ ಕೊಡಬೇಕೆಂಬುದು ಹೈಯಟ್ ದಂಪತಿ ಶುರುವಿನಲ್ಲೇ ಇಟ್ಟುಕೊಂಡ ಗುರಿ.