ಬೇತ್ಲೆಹೇಮಿನ ಕೊಟ್ಟಿಗೆ, ನುಗ್ಗೇಹಳ್ಳಿಯ ಉಳಿ

ಡಿಸೆಂಬರ್ ಬಂತೆಂದರೆ ಹಾಸನ ಸೀಮೆಯ ಚರ್ಚುಗಳಲ್ಲೂ ಗೋದಲಿ ಸಿದ್ಧವಾಗುತ್ತದೆ. ಹುಲ್ಲಿನ ಮೇಲೆ ಬಾಲಯೇಸು, ಪಕ್ಕದಲ್ಲಿ ಮರಿಯ ಮತ್ತು ಜೋಸೆಫ್, ಕುರಿ ಕಾಯುವವರು, ಒಂದು ಎತ್ತು, ಒಂದು ಕತ್ತೆ. ಇದೇ ದೃಶ್ಯವನ್ನು ಸಂಪ್ರದಾಯಬದ್ಧವಾಗಿ ಬರೆಯಹೊರಟ ಯುವ ಚಿತ್ರಕಾರನಿಗೆ ಮಾತ್ರ ಎರಡೂ ಕಡೆಯಿಂದ ಏಟು. ಹಳೆಯ ಕ್ರಮ ಬಿಡದಿದ್ದರೆ ನಕಲು ಎನ್ನುತ್ತಾರೆ, ನಮ್ಮ ನೆಲಕ್ಕೆ ಒಗ್ಗಿಸಿದರೆ ಅಪಚಾರ ಎನ್ನುತ್ತಾರೆ. ಸಂಪ್ರದಾಯವೆಂದರೆ ಎಂದೋ ಬರೆದು ಮುಗಿದ ಚಿತ್ರ ಎಂದು ತಿಳಿದಿರುವುದೇ ಎರಡೂ ಆಕ್ಷೇಪಗಳ ಮೂಲ.

ಆ ಚಿತ್ರ ಎಂದೂ ಮುಗಿದಿರಲಿಲ್ಲ. ಗೋದಲಿ ಮತ್ತು ಕುರುಬರ ಕತೆ ಬರುವುದು ಲೂಕನ ಸುವಾರ್ತೆಯಲ್ಲಿ. ಚಿನ್ನ, ಧೂಪ, ರಕ್ತಬೋಳ ತಂದ ಮೂಡಣದ ಜೋಯಿಸರು ಮತ್ತಾಯನಲ್ಲಿ. ಅವರು ಮೂವರೇ ಎಂದು ಅವನು ಎಲ್ಲೂ ಹೇಳಿಲ್ಲ. ಎತ್ತು, ಕತ್ತೆಗಳಂತೂ ಇಬ್ಬರಲ್ಲೂ ಇಲ್ಲ; ಯೆಶಾಯನ ಗ್ರಂಥದ ಒಂದು ಮಾತಿನ ನೆನಪಿನಿಂದ ಅವು 4ನೇ ಶತಮಾನದ ಕಲ್ಲಿನ ಶವಪೆಟ್ಟಿಗೆಗಳ ಕೆತ್ತನೆಗೇ ಬಂದು ಸೇರಿದ್ದವು. ಪೂರ್ವದ ಚರ್ಚುಗಳ ಚಿತ್ರಪಟಗಳಲ್ಲಿ ಹೆರಿಗೆಯಾದ ಮರಿಯ ಗುಹೆಯಲ್ಲಿ ಒರಗಿರುತ್ತಾಳೆ. 14ನೇ ಶತಮಾನದಲ್ಲಿ ಸ್ವೀಡನ್ನಿನ ಸಂತ ಬ್ರಿಜಿತ್ ತಾನು ಕಂಡ ದರ್ಶನವನ್ನು ಹೇಳಿದ ಮೇಲೆ ಯುರೋಪಿನ ಚಿತ್ರಗಳಲ್ಲಿ ಅವಳು ಮಂಡಿಯೂರಿ, ನೆಲದ ಮೇಲೆ ಬೆಳಗುವ ಮಗುವಿಗೆ ಕೈಮುಗಿಯತೊಡಗಿದಳು. ಒಬ್ಬೊಬ್ಬರೂ ಹಿಂದಿನವರಿಂದ ಪಡೆದು, ತಮ್ಮದೊಂದನ್ನು ಕೂಡಿಸಿ, ಮುಂದಿನವರಿಗೆ ದಾಟಿಸಿದ್ದಾರೆ.

ಆದರೂ ಕಟ್ಟುಪಾಡು ಕಲಾವಿದನ ಕೈ ಕಟ್ಟುವುದಿಲ್ಲವೇ? ಉತ್ತರಕ್ಕೆ ದೂರ ಹೋಗಬೇಕಿಲ್ಲ. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯಿದೆ. 1246ರಲ್ಲಿ ಬೊಮ್ಮಣ್ಣ ದಂಡನಾಯಕ ಕಟ್ಟಿಸಿದ ಲಕ್ಷ್ಮೀನರಸಿಂಹ ದೇಗುಲದ ದಕ್ಷಿಣದ ಗೋಡೆ ಶಿಲ್ಪಿ ಬೈಚೋಜನದು, ಉತ್ತರದ್ದು ಶಿಲ್ಪಿ ಮಲ್ಲಿತಮ್ಮನದು. ಯಾವ ದೇವರಿಗೆ ಎಷ್ಟು ಕೈ, ಯಾವ ಕೈಯಲ್ಲಿ ಯಾವ ಆಯುಧ ಎಂಬ ಲಕ್ಷಣ ಇಬ್ಬರಿಗೂ ಒಂದೇ. ಹಾಗಿದ್ದೂ ಬೈಚೋಜನ ವಿಗ್ರಹಗಳಲ್ಲಿ ನೀಳ ನಿಲುವು, ಶಾಂತ ಭಾವ. ಮಲ್ಲಿತಮ್ಮನವುಗಳಲ್ಲಿ ಚಟುವಟಿಕೆ ಹೆಚ್ಚು, ನಯ ಕಡಿಮೆ. ಏನನ್ನು ಕೆತ್ತಬೇಕೆಂಬುದನ್ನು ಶಾಸ್ತ್ರ ತೀರ್ಮಾನಿಸಿಬಿಟ್ಟಿದ್ದರಿಂದ ಹೇಗೆ ಎಂಬುದರ ಮೇಲೆಯೇ ಇಬ್ಬರ ಗಮನವೂ ನೆಟ್ಟಿತು. ಗೋದಲಿಯ ಚಿತ್ರಕಾರನಿಗೂ ಸಿಗುವ ಸ್ವಾತಂತ್ರ್ಯ ಇದೇ.

ಇನ್ನು ಅಪಚಾರದ ಮಾತು. ಶಾಂತಿನಿಕೇತನದಲ್ಲಿ ಅವನೀಂದ್ರನಾಥ ಟಾಗೋರ್, ನಂದಲಾಲ್ ಬೋಸರ ಬಳಿ ಕಲಿತ ಗೋವೆಯ ಆ್ಯಂಜೆಲೊ ಡ ಫೋನ್ಸೆಕ (1902–1967) ಯೌವನದಲ್ಲೇ ಮರಿಯಳಿಗೆ ಸೀರೆ ಉಡಿಸಿದಾಗ ಊರಿನ ಕ್ರೈಸ್ತರೇ ಮುನಿದರು. ಫೋನ್ಸೆಕ ಪುಣೆ ಸೇರಿದರು. ಯೆಹೂದಿ ಹೆಣ್ಣುಮಗಳಿಗೆ ಸೀರೆ ಉಡಿಸುವುದು ಚರಿತ್ರೆಗೆ ದ್ರೋಹವೆಂದಾದರೆ, ಇಟಲಿಯ ನಿಲುವಂಗಿ ತೊಡಿಸಿದ್ದೂ ದ್ರೋಹವೇ. ಚಿತ್ರಕಾರ ಬ್ರೂಗೆಲ್ 1566ರಲ್ಲಿ ಬೇತ್ಲೆಹೇಮನ್ನು ಹಿಮ ಬಿದ್ದ ಫ್ಲೆಮಿಶ್ ಹಳ್ಳಿಯಾಗಿಯೇ ಬರೆದ. ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್‌ಗೆ ಬಣ್ಣ ತುಂಬಿದ ಅಂತೋನಿಯೊ ಮೊಸ್ಕೇನಿ (1854–1905) ಕೂಡ ತಾನು ಇಟಲಿಯಲ್ಲಿ ಕಲಿತದ್ದನ್ನೇ ಪ್ರಾಮಾಣಿಕವಾಗಿ ಬರೆದವನು. ಅವನ ಕಸುಬಾದ ಹಸಿ ಗಾರೆಯ ಮೇಲಿನ ಚಿತ್ರವನ್ನು ಸುಣ್ಣ ಒಣಗುವ ಮೊದಲೇ ಮುಗಿಸಬೇಕು, ಆಮೇಲೆ ತಿದ್ದುಪಡಿಗೆ ಎಡೆಯಿಲ್ಲ. ಇಂದಿನ ಹುಡುಗ ಅವನಿಂದ ಆ ಶಿಸ್ತು ಕಲಿತರೆ ಅದು ಸಂಪ್ರದಾಯ. ಅವನು ಬರೆದ ಮುಖಗಳನ್ನು ಎತ್ತಿಕೊಂಡರೆ ಬರೀ ನಕಲು.

ಒಂದು ಆಕ್ಷೇಪಕ್ಕೆ ಮಾತ್ರ ತೂಕವಿದೆ. ದೇಸಿತನದ ಹೆಸರಿನಲ್ಲಿ ಬಾಲಯೇಸುವಿಗೆ ನವಿಲುಗರಿಯನ್ನೋ ಶಂಖಚಕ್ರವನ್ನೋ ಕೊಟ್ಟರೆ ಎರಡೂ ಕಡೆಯ ಭಕ್ತರಿಗೆ ನೋವಾಗುತ್ತದೆ, ಎರಡೂ ಲಕ್ಷಣಗಳು ಕೆಡುತ್ತವೆ. ಇಲ್ಲಿಯೂ ದಾರಿ ತೋರಿಸುವುದು ಸಂಪ್ರದಾಯವೇ. ಮೈಸೂರು ಶೈಲಿಯ ತೆಳು ಉಬ್ಬು, ಚಿನ್ನದ ರೇಕು, ಸಣ್ಣ ಗೆರೆ ಯಾವ ದೇವರ ಸ್ವತ್ತೂ ಅಲ್ಲ. ಆಯುಧ, ವಾಹನಗಳು ಆಯಾ ದೇವರವು. ಕಸುಬನ್ನು ಧಾರಾಳವಾಗಿ ಪಡೆಯಲಿ, ಕುರುಹನ್ನು ಮುಟ್ಟದಿರಲಿ. ಫ್ರೆಂಚ್ ಪಾದ್ರಿಗಳು ಹೇಮಾವತಿಯ ದಂಡೆಯ ಶೆಟ್ಟಿಹಳ್ಳಿಯಲ್ಲಿ 19ನೇ ಶತಮಾನದಲ್ಲೇ ಗಾಥಿಕ್ ಚರ್ಚು ಎಬ್ಬಿಸಿದ ಜಿಲ್ಲೆಯಿದು. ಇಲ್ಲಿ ಕ್ರೈಸ್ತ ಕಲೆ ನಿನ್ನೆ ಮೊನ್ನೆಯ ನಂಟಲ್ಲ. ಗೋದಲಿಯ ಚಿತ್ರ ಬರೆಸುವ ಚರ್ಚುಗಳು ಹಳೆಯ ಕ್ಯಾಲೆಂಡರನ್ನು ಮುಂದಿಟ್ಟು ‘ಹೀಗೇ ಬರಲಿ’ ಎನ್ನುವುದನ್ನು ಬಿಟ್ಟು, ಲೂಕನ ಎರಡನೇ ಅಧ್ಯಾಯವನ್ನು ಓದಿಸಿ, ನುಗ್ಗೇಹಳ್ಳಿಯ ಎರಡು ಗೋಡೆಗಳನ್ನು ತೋರಿಸಿ, ಉಳಿದದ್ದನ್ನು ಚಿತ್ರಕಾರನಿಗೇ ಬಿಡುವುದು ಒಳ್ಳೆಯದು.