‘ಬಹುದು’ ಮತ್ತು ‘ತಕ್ಕದ್ದು’

ಮೂವತ್ತು ವರ್ಷಗಳ ಕಾಲ ಕನ್ನಡ ಪಾಠ ಹೇಳಿದವನು ನಾನು. ‘ಮಾಡಬಹುದು’ ಎಂಬುದಕ್ಕೂ ‘ಮಾಡತಕ್ಕದ್ದು’ ಎಂಬುದಕ್ಕೂ ಇರುವ ಅಂತರವನ್ನು ಕರಿಹಲಗೆಯ ಮೇಲೆ ಎಷ್ಟೋ ಸಲ ಬರೆದು ತೋರಿಸಿದ್ದೇನೆ. ಆದರೆ ಆ ಅಂತರದ ನಿಜವಾದ ತೂಕ ನನಗೆ ಅರಿವಾದುದು ನಿವೃತ್ತಿಯ ತರುವಾಯ, ಬೆಂಗಳೂರಿನ ಒಂದು ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ.

ಅಲ್ಲಿನ ವ್ಯವಸ್ಥಾಪಕರು ನನ್ನ ಹಳೆಯ ವಿದ್ಯಾರ್ಥಿ. ಉದ್ಯೋಗಸ್ಥಳದಲ್ಲಿ ಮಹಿಳೆಯರ ಮೇಲೆ ನಡೆಯುವ ಲೈಂಗಿಕ ಕಿರುಕುಳವನ್ನು ತಡೆಯುವ ಕಾಯಿದೆಯನ್ನು ಕಾರ್ಮಿಕರಿಗೆ ತಿಳಿಸಲೆಂದು ಇಂಗ್ಲಿಷಿನ ಕೈಪಿಡಿಯೊಂದನ್ನು ಕನ್ನಡಕ್ಕೆ ಮಾಡಿಸಿದ್ದರು. “ಭಾಷೆಯನ್ನಷ್ಟು ನೋಡಿಕೊಡಿ ಸಾರ್” ಎಂದರು. ನಾನು ಒತ್ತು, ದೀರ್ಘಗಳನ್ನು ತಿದ್ದಿಕೊಟ್ಟೆ. ತರಬೇತಿಯ ದಿನ ಹಿಂದಿನ ಸಾಲಿನಲ್ಲಿ ಕುಳಿತು ಕೇಳಿದೆ. ಕೊನೆಯಲ್ಲಿ ಕಸ ಗುಡಿಸುವ ಹೆಣ್ಣುಮಗಳೊಬ್ಬಳು ಎದ್ದುನಿಂತು, “ಇದ್ರಲ್ಲಿ ಖಾಯಂ ನೌಕರರು ಅಂತ ಐತಲ್ಲ ಸಾರ್, ನಾವು ಕಂಟ್ರಾಕ್ಟ್‌ನೋರು. ನಮ್ಗೆ ಇದು ಬರಾಕಿಲ್ವಾ?” ಎಂದಳು. ತರಬೇತಿ ಕೊಡುತ್ತಿದ್ದವರು ಕೈಪಿಡಿಯನ್ನು ತಿರುವಿ, “ಇಲ್ಲಮ್ಮ, ಬರೋದಿಲ್ಲ” ಎಂದರು. ಆಕೆ ಸುಮ್ಮನೆ ಕುಳಿತಳು.

ಆ ರಾತ್ರಿ ಕಾಯಿದೆಯ ಮೂಲವನ್ನು ತೆಗೆದು ಓದಿದೆ. 1997ರ ಆಗಸ್ಟ್ 13ರಂದು ಸರ್ವೋಚ್ಚ ನ್ಯಾಯಾಲಯವು ವಿಶಾಖ ಪ್ರಕರಣದಲ್ಲಿ ಕೊಟ್ಟ ಮಾರ್ಗಸೂಚಿಗಳೇ ಬಹುಕಾಲ ಈ ವಿಷಯದಲ್ಲಿ ಆಧಾರವಾಗಿದ್ದವು. 2013ರ ಡಿಸೆಂಬರ್ 9ರಂದು ಸಂಸತ್ತಿನ ಕಾಯಿದೆ ಜಾರಿಗೆ ಬಂದಿತು. ಅದರ 2ನೆಯ ಪ್ರಕರಣದಲ್ಲಿ ‘ಉದ್ಯೋಗಿ’ ಎಂಬುದರ ಅರ್ಥವ್ಯಾಪ್ತಿ ವಿಶಾಲವಾಗಿದೆ: ಖಾಯಂ, ತಾತ್ಕಾಲಿಕ, ದಿನಗೂಲಿ, ಗುತ್ತಿಗೆದಾರನ ಮೂಲಕ ಬಂದವರು, ತರಬೇತಿಯಲ್ಲಿರುವವರು, ಸಂಬಳವಿಲ್ಲದೆ ದುಡಿಯುವವರು, ಎಲ್ಲರೂ ಅದರೊಳಗೆ ಸೇರುತ್ತಾರೆ. ಅನುವಾದಕರು ಸೇರಿಸಿದ ‘ಖಾಯಂ’ ಎಂಬ ಒಂದು ಪದ ಅವರಲ್ಲಿ ಬಹುಮಂದಿಯನ್ನು ಹೊರಗೆ ನಿಲ್ಲಿಸಿತ್ತು.

ಮುಂದೆ ಓದಿದಂತೆ ನನ್ನ ಸಂಕೋಚ ಹೆಚ್ಚಿತು. ಬರೆಯಲಾರದ ಮಹಿಳೆಗೆ ದೂರನ್ನು ಬರವಣಿಗೆಗೆ ಇಳಿಸಲು ಸಮಿತಿಯವರು ನೆರವಾಗತಕ್ಕದ್ದು ಎಂದು 9ನೆಯ ಪ್ರಕರಣ ವಿಧಿಸುತ್ತದೆ. ನಾನು ಒಪ್ಪಿಗೆ ಹಾಕಿದ್ದ ಕೈಪಿಡಿಯಲ್ಲಿ ‘ನೆರವಾಗಬಹುದು’ ಎಂದಿತ್ತು. ಕರ್ತವ್ಯವು ಕೃಪೆಯಾಗಿಬಿಟ್ಟಿತ್ತು. ಘಟನೆ ನಡೆದ ಮೂರು ತಿಂಗಳೊಳಗೆ ದೂರು ಕೊಡಬೇಕೆಂದು ಬರೆದವರು, ತಕ್ಕ ಕಾರಣವಿದ್ದರೆ ಇನ್ನೂ ಮೂರು ತಿಂಗಳವರೆಗೆ ಆ ಅವಧಿಯನ್ನು ವಿಸ್ತರಿಸಬಹುದೆಂಬ ಮಾತನ್ನು ಬಿಟ್ಟಿದ್ದರು. ಇಲ್ಲಿ ಬೇಕಾಗಿದ್ದ ‘ಬಹುದು’ ಕಾಣೆಯಾಗಿತ್ತು.

ಇವು ಅನುವಾದದ ದೋಷಗಳಾದರೆ, ಕಾಲ ತಂದ ದೋಷಗಳು ಬೇರೆ. ‘ಆಂತರಿಕ ದೂರು ಸಮಿತಿ’ ಎಂಬ ಹೆಸರು 2016ರ ತಿದ್ದುಪಡಿಯಿಂದ ‘ಆಂತರಿಕ ಸಮಿತಿ’ ಎಂದಾಗಿತ್ತು. ಕೈಪಿಡಿಯಲ್ಲಿ ಹಳೆಯ ಹೆಸರೇ ಉಳಿದಿತ್ತು. ಭಾರತ ದಂಡ ಸಂಹಿತೆಯ 354ಎ ಪ್ರಕರಣವನ್ನು ಅದು ಉಲ್ಲೇಖಿಸಿತ್ತು. 2024ರ ಜುಲೈ 1ರಿಂದ ಆ ಅಪರಾಧ ಭಾರತೀಯ ನ್ಯಾಯ ಸಂಹಿತೆಯ 75ನೆಯ ಪ್ರಕರಣದಲ್ಲಿದೆ. ಆ ದಿನಕ್ಕೆ ಮುಂಚಿನ ಕೃತ್ಯಗಳಿಗಾದರೋ ಹಳೆಯ ಸಂಹಿತೆಯೇ ಅನ್ವಯ. ಆದ್ದರಿಂದ ಒಂದು ಸಂಖ್ಯೆಯನ್ನು ಅಳಿಸಿ ಇನ್ನೊಂದನ್ನು ಬರೆದರೆ ಸಾಲದು. ಕಾನೂನು ಬಲ್ಲವರೇ ಅದನ್ನು ನೋಡಬೇಕು.

ನಿಯತ ಅಂತರದಲ್ಲಿ ತಿಳಿವಳಿಕೆಯ ಕಾರ್ಯಕ್ರಮಗಳನ್ನು ನಡೆಸುವುದು ಮಾಲಿಕರ ಕರ್ತವ್ಯವೆಂದು 19ನೆಯ ಪ್ರಕರಣ ಹೇಳುತ್ತದೆ. ಸಮಿತಿಯ ವಿವರಗಳನ್ನು ಎಲ್ಲರಿಗೂ ದೊರಕುವಂತೆ ಪ್ರಕಟಿಸಿ ಕಾಲಕಾಲಕ್ಕೆ ಪರಿಷ್ಕರಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು 2023ರ ಮೇ 12ರಂದು ನಿರ್ದೇಶಿಸಿತು. ಇದನ್ನು ನಡೆಸುವ ಬಗೆ ಕಠಿನವೇನಲ್ಲ. ಕೈಪಿಡಿಯ ಮೇಲೆ ಪರಿಶೀಲನೆಯ ದಿನಾಂಕವೂ ಹೊಣೆಗಾರರ ಹೆಸರೂ ಇರಬೇಕು. ಮೊದಲು ವಕೀಲರು ಅದನ್ನು ಮೂಲದೊಡನೆ ಸಾಲುಸಾಲಾಗಿ ಹೋಲಿಸಬೇಕು. ಬಳಿಕ ಭಾಷೆ ಬಲ್ಲವರು ತಿದ್ದಬೇಕು. ತಿದ್ದಿದ್ದನ್ನು ವಕೀಲರು ಮತ್ತೊಮ್ಮೆ ನೋಡಬೇಕು. ಆಮೇಲೆ ನಾಲ್ಕಾರು ಕಾರ್ಮಿಕರಿಗೆ ಓದಿ ಹೇಳಿ, ಅವರು ಏನೆಂದು ಗ್ರಹಿಸಿದರೆಂದು ಕೇಳಬೇಕು. ಸಮಿತಿಯು ಪ್ರತಿವರ್ಷ ಸಿದ್ಧಪಡಿಸಲೇಬೇಕಾದ ವಾರ್ಷಿಕ ವರದಿಯ ಜೊತೆಗೇ ಈ ಪರಿಶೀಲನೆಯನ್ನೂ ಇರಿಸಿಕೊಂಡರೆ ಮರೆವಿಗೆ ಎಡೆಯಿಲ್ಲ. ಹಳೆಯ ಪ್ರತಿಯನ್ನು ಎಸೆಯಬಾರದು. ಯಾವ ದಿನ ಯಾರಿಗೆ ಏನನ್ನು ಕಲಿಸಲಾಗಿತ್ತೆಂಬುದು ಮುಂದೆ ವಿವಾದದ ವಿಷಯವಾಗಬಹುದು.

ಆ ಕಾರ್ಖಾನೆಯವರು ನನ್ನ ಮಾತನ್ನು ಮನ್ನಿಸಿದರು. ವಕೀಲರೊಬ್ಬರ ಜೊತೆ ಕುಳಿತು ಎರಡು ವಾರಗಳಲ್ಲಿ ಹೊಸ ಪ್ರತಿಯನ್ನು ಸಿದ್ಧಪಡಿಸಿದೆವು. ಮರುತಿಂಗಳ ಸಭೆಯಲ್ಲಿ ವ್ಯವಸ್ಥಾಪಕರು ಎದ್ದುನಿಂತು, ಹಿಂದೆ ಹೇಳಿದ್ದು ತಪ್ಪೆಂದೂ ಗುತ್ತಿಗೆಯವರೂ ಈ ಕಾಯಿದೆಯ ರಕ್ಷಣೆಗೆ ಒಳಪಟ್ಟವರೆಂದೂ ಸ್ಪಷ್ಟವಾಗಿ ತಿಳಿಸಿದರು. ನನ್ನ ಕಣ್ಣು ಆ ಹೆಣ್ಣುಮಗಳನ್ನು ಅರಸಿತು. ಗುತ್ತಿಗೆದಾರ ಬದಲಾಗಿ, ಆಕೆ ಕೆಲಸ ಬಿಟ್ಟು ಹೋಗಿದ್ದಳು. ಆ ದಿನ ಅವಳು ಬರಿಯ ಕುತೂಹಲದಿಂದ ಕೇಳಿದಳೋ, ಹೇಳಿಕೊಳ್ಳಲು ಏನಾದರೂ ಇತ್ತೋ, ನಾನರಿಯೆ. ತಿದ್ದಿದ ಕೈಪಿಡಿಯ ಒಂದು ಪ್ರತಿ ಈಗಲೂ ನನ್ನ ಮೇಜಿನ ಮೇಲಿದೆ. ಅದರ ಮೇಲೆ ಮುಂದಿನ ಪರಿಶೀಲನೆಯ ದಿನಾಂಕವನ್ನು ನಾನೇ ಕೈಯಾರೆ ಬರೆದಿದ್ದೇನೆ.