ಒಂದು ಡಿಗ್ರಿಯ ವ್ಯತ್ಯಾಸ: ಪ್ರತಿಭಟನೆಯ ಎದುರು ಬಂದೂಕು ಇರಬೇಕೇ?

ಒಂಬತ್ತನೇ ತರಗತಿಯಲ್ಲಿ ‘ಕೆಲಸ ಮತ್ತು ಶಕ್ತಿ’ ಪಾಠ ಮಾಡುವಾಗ ಚಲನಶಕ್ತಿಗೆ ಉದಾಹರಣೆ ಕೊಡಿ ಎಂದರೆ ಮಕ್ಕಳು ಹರಿಯುವ ನೀರು, ಉರುಳುವ ಚೆಂಡು ಎನ್ನುತ್ತಾರೆ. ಮೂರನೆಯದು ಬಂದೂಕಿನ ಗುಂಡು. ಬೋಧನಾಭ್ಯಾಸಕ್ಕೆಂದು ಕಂಪ್ಲಿ ಕಡೆಯ ಒಂದು ಪ್ರೌಢಶಾಲೆಗೆ ಹೋಗಿದ್ದಾಗ ಈ ಮೂರನೆಯ ಉದಾಹರಣೆ ಕೊಟ್ಟ ಹುಡುಗನೇ ಮುಂದುವರಿದು ಕೇಳಿದ: “ಮಿಸ್, ಪೊಲೀಸ್ರು ಗಾಳ್ಯಾಗ ಗುಂಡು ಹಾರಿಸಿದ್ರು ಅಂತ ಸುದ್ದ್ಯಾಗ ಹೇಳ್ತಾರಲ್ರಿ, ಆ ಗುಂಡು ಆಮ್ಯಾಲೆ ಎಲ್ಲಿಗೆ ಹೋಗತೈತ್ರಿ?”

ಅದೇ ತರಗತಿಯಲ್ಲಿ ಪೊಲೀಸ್ ಕಾನ್‌ಸ್ಟೆಬಲ್ ಒಬ್ಬರ ಮಗಳಿದ್ದಳು. ಕಾಲುವೆಗೆ ನೀರು ಬಿಡಿ ಎಂದು ರಸ್ತೆ ತಡೆಗೆ ಕೂತು ಬಂದ ರೈತರ ಮಕ್ಕಳೂ ಇದ್ದರು. ತುಂಗಭದ್ರೆಯ ಕಾಲುವೆಗಳ ಸೀಮೆಯಲ್ಲಿ ಇದು ವಿಶೇಷವಲ್ಲ. ಧರಣಿ ಕೂರುವವರೂ ಅವರೆದುರು ನಿಲ್ಲುವವರೂ ಒಂದೇ ಊರಿನವರು, ಅವರ ಮಕ್ಕಳು ಒಂದೇ ಬೆಂಚಿನವರು. ಆದ್ದರಿಂದ ಈ ಪ್ರಶ್ನೆಗೆ ಉತ್ತರ ಕೊಡುವ ಶಿಕ್ಷಕರು ಯಾರ ಮನೆಯವರನ್ನೂ ಕಟಕಟೆಯಲ್ಲಿ ನಿಲ್ಲಿಸದೆ ಉತ್ತರಿಸಬೇಕಾಗುತ್ತದೆ. ನನ್ನ ಮಟ್ಟಿಗೆ ಅದಕ್ಕೆ ಒಳ್ಳೆಯ ದಾರಿ ಭೌತಶಾಸ್ತ್ರದ್ದೇ. ಸಮಾಜ ವಿಜ್ಞಾನ ವಿಧಾನದ ಗೆಳೆಯರು ಕೋಪಿಸಿಕೊಳ್ಳಬಾರದು, ಅವರ ಪಾಲೂ ಮುಂದೆ ಬರುತ್ತದೆ.

ಭಾರತದ ಪೊಲೀಸರು ದಶಕಗಳ ಕಾಲ ಹಿಡಿದ ‘ತ್ರೀ ನಾಟ್ ತ್ರೀ’ ರೈಫಲ್ಲನ್ನೇ ತೆಗೆದುಕೊಳ್ಳೋಣ. ಅದರ ಗುಂಡಿನ ತೂಕ ಸುಮಾರು 11 ಗ್ರಾಂ, ನಳಿಕೆ ಬಿಡುವಾಗಿನ ವೇಗ ಸೆಕೆಂಡಿಗೆ ಸುಮಾರು 744 ಮೀಟರ್. ಸೂತ್ರಕ್ಕೆ ಹಾಕಿದರೆ ಚಲನಶಕ್ತಿ ಸುಮಾರು 3,100 ಜೌಲ್ ಬರುತ್ತದೆ. ಹೋಲಿಕೆಗೆ, ಗಂಟೆಗೆ 140 ಕಿಲೋಮೀಟರ್ ವೇಗದ ಬೌಲರ್ ಎಸೆದ ಕ್ರಿಕೆಟ್ ಚೆಂಡಿನ ಶಕ್ತಿ 120 ಜೌಲ್‌ನ ಆಸುಪಾಸು. ಗುಂಪಿನಿಂದ ಬರುವ 200 ಗ್ರಾಂ ಕಲ್ಲು ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಬಂದರೆ 40 ಜೌಲ್. ಆ ಕಲ್ಲು ಹಗುರವಾದ ಮಾತಲ್ಲ, ತಲೆಗೆ ಬಿದ್ದರೆ ಜೀವ ಹೋಗಬಹುದು. ಆದರೆ ಕಲ್ಲಿಗೆ ಹೆಲ್ಮೆಟ್ಟು, ಗುರಾಣಿ, ಹತ್ತು ಹೆಜ್ಜೆ ಹಿಂದೆ ಸರಿಯುವುದು ಇವೆಲ್ಲ ಉತ್ತರವಾಗಬಲ್ಲವು. ಅರ್ಧ ಚದರ ಸೆಂಟಿಮೀಟರ್ ಜಾಗದಲ್ಲಿ ನುಗ್ಗುವ 3,100 ಜೌಲ್‌ಗೆ ಅಂಗಿ ತೊಟ್ಟ ಮನುಷ್ಯನ ಬಳಿ ಯಾವ ಉತ್ತರವೂ ಇಲ್ಲ.

ಈಗ ಹುಡುಗನ ಪ್ರಶ್ನೆ. ಗಾಳಿಯ ತಡೆಯನ್ನು ಮರೆತು ಲೆಕ್ಕ ಹಾಕಿದರೆ ನೇರ ಮೇಲಕ್ಕೆ ಹಾರಿದ ಗುಂಡು 28 ಕಿಲೋಮೀಟರ್ ಏರುತ್ತದೆ! ಈ ಉತ್ತರ ಬಂದಾಗ ತರಗತಿ ನಕ್ಕಿತು. ಗಾಳಿಯ ತಡೆ ಎಷ್ಟು ದೊಡ್ಡದು ಎಂದು ಹೇಳಲು ಇದಕ್ಕಿಂತ ಒಳ್ಳೆಯ ಸಂದರ್ಭ ಸಿಗದು. ನಿಜದಲ್ಲಿ ಅದು ಕೆಲವೇ ಕಿಲೋಮೀಟರ್ ಏರಿ, ಸೆಕೆಂಡಿಗೆ 100 ಮೀಟರಿಗಿಂತ ಕಡಿಮೆ ವೇಗದಲ್ಲಿ ಇಳಿಯುತ್ತದೆ. ಆದರೂ ತಲೆಬುರುಡೆಗೆ ಅದು ಅಪಾಯವೇ. ಓರೆಯಾಗಿ ಹಾರಿದ್ದಂತೂ ಇನ್ನೂ ಹೆಚ್ಚಿನ ವೇಗ ಉಳಿಸಿಕೊಂಡು ಎರಡು ಕಿಲೋಮೀಟರ್ ಆಚೆ ಬೀಳಬಹುದು. ಹಂಪಿಯಲ್ಲಿ ವಿರೂಪಾಕ್ಷ ಗುಡಿಯಿಂದ ಹೊಳೆಯ ದಂಡೆ ಹಿಡಿದು ವಿಠ್ಠಲ ಗುಡಿಗೆ ನಡೆದವರಿಗೆ ಆ ದೂರ ಎಷ್ಟೆಂದು ಗೊತ್ತು. ಅಲ್ಲಿ ನಿಂತವನಿಗೆ ಇಲ್ಲಿ ಏನು ನಡೆಯುತ್ತಿದೆ ಎಂಬುದೇ ಗೊತ್ತಿರುವುದಿಲ್ಲ.

ಈ ಕಾರಣಕ್ಕೇ ನಮ್ಮ ದೇಶದ ಪೊಲೀಸ್ ನಿಯಮಗಳು ಗುಂಪಿನ ತಲೆಯ ಮೇಲಿಂದ ಗುಂಡು ಹಾರಿಸುವುದನ್ನು ಒಪ್ಪುವುದಿಲ್ಲ. ಹಾರಿಸಲೇಬೇಕಾದರೆ ಕೆಳಕ್ಕೆ ಗುರಿಯಿಡಿ ಎನ್ನುತ್ತವೆ. ಜನರ ಬಾಯಲ್ಲಿ ಇದು ‘ಮೊಣಕಾಲಿನ ಕೆಳಗೆ’. ಕೇಳಲು ಸಮಾಧಾನದ ಮಾತು. ಆದರೆ 50 ಮೀಟರ್ ದೂರದಲ್ಲಿರುವ ಮನುಷ್ಯನ ಮೊಣಕಾಲಿಗೆ ಗುರಿಯಿಟ್ಟು, ನಳಿಕೆ ಒಂದೇ ಒಂದು ಡಿಗ್ರಿ ಮೇಲಕ್ಕೆ ಸರಿದರೆ ಏನಾಗುತ್ತದೆ? 50ನ್ನು ಟ್ಯಾನ್ 1 ಡಿಗ್ರಿಯಿಂದ ಗುಣಿಸಿ: ಸುಮಾರು 87 ಸೆಂಟಿಮೀಟರ್. ನೆಲದಿಂದ ಅರ್ಧ ಮೀಟರ್ ಎತ್ತರದ ಮೊಣಕಾಲಿಗೆ 87 ಸೆಂಟಿಮೀಟರ್ ಕೂಡಿಸಿದರೆ ಅದು ಎದೆ. ಬೆಳಗಿನಿಂದ ಬಿಸಿಲಲ್ಲಿ ನಿಂತ, ನೀರು ಕುಡಿಯದ, ಪಕ್ಕದವನ ಹಣೆಯಲ್ಲಿ ರಕ್ತ ಕಂಡ ಕಾನ್‌ಸ್ಟೆಬಲ್‌ನ ಕೈ ಓಡುತ್ತಿರುವ ಮನುಷ್ಯನ ಮೇಲೆ ಒಂದು ಡಿಗ್ರಿಯಷ್ಟೂ ಅಲುಗಬಾರದು ಎಂದು ನಾವು ನಿರೀಕ್ಷಿಸುತ್ತೇವೆ. ಆತ ಕೆಟ್ಟವನಾಗಬೇಕಾದ ಅಗತ್ಯವೇ ಇಲ್ಲಿ ಇಲ್ಲ.

ಸಮಾಜ ವಿಜ್ಞಾನದ ಪಾಲು ಇಲ್ಲಿಂದ. ಸಂವಿಧಾನದ 19(1)(ಬಿ) ವಿಧಿ ನಮಗೆ ಕೊಟ್ಟಿರುವುದು ಶಾಂತಿಯುತವಾಗಿ, ಆಯುಧಗಳಿಲ್ಲದೆ ಸಭೆ ಸೇರುವ ಹಕ್ಕನ್ನು. ಆಯುಧವಿಲ್ಲದೆ ಬನ್ನಿ ಎಂಬ ಷರತ್ತು ಪ್ರಜೆಗೆ ಇದೆ. ಎದುರು ನಿಲ್ಲುವವರ ಕೈಯಲ್ಲಿ ಏನಿರಬೇಕು ಎಂಬುದನ್ನು ಆ ವಿಧಿ ಹೇಳುವುದಿಲ್ಲ. ಅದಕ್ಕೆ ದಂಡ ಪ್ರಕ್ರಿಯೆಯ ಕಾನೂನಿಗೆ ಬರಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 148ನೇ ಕಲಂ ಪ್ರಕಾರ ಮೊದಲು ಚದುರಿ ಎಂಬ ಆದೇಶ, ಕೇಳದಿದ್ದರೆ ಬಲಪ್ರಯೋಗ. ಬೇರೆ ದಾರಿಯೇ ಇಲ್ಲದಾಗ ಸೈನ್ಯವನ್ನು ಕರೆಯುವ ಅವಕಾಶ 149ರಲ್ಲಿದೆ. ಆಗಲೂ ಜನರಿಗೆ, ಆಸ್ತಿಗೆ ಆದಷ್ಟು ಕಡಿಮೆ ಹಾನಿ, ಆದಷ್ಟು ಕಡಿಮೆ ಬಲ ಎಂದು ಅದೇ ಕಲಂ ಕಟ್ಟಿಹಾಕುತ್ತದೆ. ವಿಶ್ವಸಂಸ್ಥೆಯ 1990ರ ಹವಾನಾ ತತ್ವಗಳು ಇನ್ನೂ ಸ್ಪಷ್ಟ: ಪ್ರಾಣಕ್ಕೆ ಅಥವಾ ತೀವ್ರ ಗಾಯಕ್ಕೆ ಕಣ್ಣೆದುರಿನ ಅಪಾಯ ಇದ್ದಾಗ ಮಾತ್ರ ಬಂದೂಕು.

‘ಆದಷ್ಟು ಕಡಿಮೆ’ ಎಂಬ ಮಾತಿಗೆ ಅರ್ಥ ಬರಬೇಕಾದರೆ ಕೈಯಲ್ಲಿರುವ ಸಾಧನಕ್ಕೆ ಹೆಚ್ಚು ಕಡಿಮೆ ಎಂಬುದು ಇರಬೇಕು. ಲಾಠಿಯನ್ನು ಮೆಲ್ಲಗೂ ಬೀಸಬಹುದು, ಜೋರಾಗಿಯೂ ಬೀಸಬಹುದು, ಸುಮ್ಮನೆ ಅಡ್ಡ ಹಿಡಿಯಲೂಬಹುದು. 3,100 ಜೌಲನ್ನು 300ಕ್ಕೆ ಇಳಿಸುವ ತಿರುಪು ರೈಫಲ್ಲಿನಲ್ಲಿ ಇಲ್ಲ. ಹಾಗಾಗಿ ಕನಿಷ್ಠ ಬಲದ ತೀರ್ಮಾನ ಗುಂಪಿನ ಎದುರು ಆಗುವುದಲ್ಲ. ಬೆಳಿಗ್ಗೆ ಠಾಣೆಯಲ್ಲಿ ಯಾರಿಗೆ ಏನು ಹಂಚಿದರು ಎಂಬಲ್ಲಿಯೇ ಅದು ಬಹುಪಾಲು ಆಗಿಹೋಗಿರುತ್ತದೆ.

ನಮ್ಮ ನಾಡಿನ ಉದಾಹರಣೆಗಳು ಕಡಿಮೆಯಿಲ್ಲ. 1938ರ ಏಪ್ರಿಲ್ 25ರಂದು ಗೌರಿಬಿದನೂರು ಬಳಿಯ ವಿದುರಾಶ್ವತ್ಥದಲ್ಲಿ ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದವರ ಮೇಲೆ ಮೈಸೂರು ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದರು. ಸತ್ತವರು ಮೂವತ್ತಕ್ಕೂ ಹೆಚ್ಚು ಎಂಬುದು ಆ ಸೀಮೆಯ ನೆನಪು. ಸರ್ಕಾರ ಒಪ್ಪಿದ ಸಂಖ್ಯೆ ಅದಕ್ಕಿಂತ ಬಹಳ ಚಿಕ್ಕದು. 1980ರ ಜುಲೈ 21ರಂದು ಮಲಪ್ರಭಾ ಅಚ್ಚುಕಟ್ಟಿನ ರೈತರು ಅಭಿವೃದ್ಧಿ ಕರದ ವಿರುದ್ಧ ಎದ್ದಾಗ ನವಲಗುಂದ, ನರಗುಂದಗಳಲ್ಲಿ ಗುಂಡಿಗೆ ರೈತರು ಬಲಿಯಾದರು. ಅದೂ ನಮ್ಮಂತೆಯೇ ಕಾಲುವೆ ನೀರಿನ ಸೀಮೆ. ಕರದ ಜಗಳ ರಾಜ್ಯದ ರೈತ ಚಳವಳಿಯಾಗಿ ಬೆಳೆದದ್ದು ಆ ಸಾವುಗಳ ನಂತರ. ಇಂದಿಗೂ ಆ ದಿನವನ್ನು ರೈತ ಹುತಾತ್ಮರ ದಿನವೆಂದು ಆಚರಿಸುತ್ತಾರೆ. 2008ರ ಜೂನ್ 10ರಂದು ಹಾವೇರಿಯಲ್ಲಿ ಜನ ಕೇಳಿದ್ದು ಬಿತ್ತನೆಗೆ ಬೇಕಾದ ಗೊಬ್ಬರವನ್ನು. ಅಲ್ಲಿಯೂ ಗೋಲಿಬಾರ್, ಅಲ್ಲಿಯೂ ರೈತರ ಸಾವು. 2019ರ ಡಿಸೆಂಬರ್ 19ರಂದು ಮಂಗಳೂರಿನಲ್ಲಿ ಇಬ್ಬರು ಸತ್ತರು. ಒಂದೊಂದರ ಹಿಂದೆಯೂ ಕಲ್ಲು ಯಾರು ಮೊದಲು ಎಸೆದರು ಎಂಬ ವಾದ ಇದ್ದೇ ಇದೆ. ಆ ವಾದ ತರಗತಿಯಲ್ಲಿ ಬಗೆಹರಿಯುವುದಿಲ್ಲ, ಬಗೆಹರಿಸಲು ಹೋಗಲೂಬಾರದು.

ಸೈನಿಕರ ವಿಷಯ ಸ್ವಲ್ಪ ಬೇರೆ. ಸೈನಿಕನ ತರಬೇತಿ ಶತ್ರುವನ್ನು ಸೋಲಿಸಲು, ಪೊಲೀಸನ ತರಬೇತಿ ಊರನ್ನು ಕಾಯಲು. 1919ರ ಜಲಿಯನ್‌ವಾಲಾ ಬಾಗ್ ಎಲ್ಲ ಮಕ್ಕಳಿಗೂ ಗೊತ್ತು. ಅಲ್ಲಿ 1,650 ಸುತ್ತು ಗುಂಡು ಹಾರಿತು. ಹೊರಗಿನ ಎರಡು ನಿದರ್ಶನ ಸೇರಿಸುತ್ತೇನೆ. 1972ರ ಜನವರಿ 30ರಂದು ಉತ್ತರ ಐರ್ಲೆಂಡಿನ ಡೆರಿಯಲ್ಲಿ ಬ್ರಿಟಿಷ್ ಪ್ಯಾರಾಚೂಟ್ ಪಡೆ ಮೆರವಣಿಗೆಯ ಮೇಲೆ ಗುಂಡು ಹಾರಿಸಿ ಅಂದೇ 13 ಜನ ಸತ್ತರು. ಅದು ತಪ್ಪೆಂದು ಬ್ರಿಟಿಷ್ ಪ್ರಧಾನಿ ಸಂಸತ್ತಿನಲ್ಲಿ ಕ್ಷಮೆ ಕೇಳಿದ್ದು 2010ರಲ್ಲಿ. ಅಮೆರಿಕದ ಕೆಂಟ್ ವಿಶ್ವವಿದ್ಯಾಲಯದಲ್ಲಿ 1970ರ ಮೇ 4ರಂದು ನ್ಯಾಷನಲ್ ಗಾರ್ಡ್ ಸೈನಿಕರು 13 ಸೆಕೆಂಡುಗಳಲ್ಲಿ 60ಕ್ಕೂ ಹೆಚ್ಚು ಗುಂಡು ಹಾರಿಸಿದರು. ಸತ್ತ ನಾಲ್ವರು ವಿದ್ಯಾರ್ಥಿಗಳಲ್ಲಿ ಇಬ್ಬರು ಪ್ರತಿಭಟನೆಯಲ್ಲೇ ಇರಲಿಲ್ಲ. ನೂರು ಮೀಟರಿಗೂ ದೂರದಲ್ಲಿದ್ದ ಅವರಿಗೂ ಗುಂಡು ತಾಗಿತು.

ಎದುರು ವಾದವನ್ನೂ ಅಷ್ಟೇ ಗಟ್ಟಿಯಾಗಿ ಇಡಬೇಕು. 2020ರ ಆಗಸ್ಟ್ 11ರ ರಾತ್ರಿ ಬೆಂಗಳೂರಿನ ಡಿ.ಜೆ. ಹಳ್ಳಿಯಲ್ಲಿ ಗುಂಪು ಪೊಲೀಸ್ ಠಾಣೆಯ ಮೇಲೆಯೇ ನುಗ್ಗಿತು, ವಾಹನಗಳು ಸುಟ್ಟವು, ಪೊಲೀಸ್ ಗುಂಡಿಗೆ ಜೀವಗಳೂ ಹೋದವು. ಠಾಣೆಯೊಳಗೆ ಸಿಕ್ಕಿದ ಪೊಲೀಸರಿಗೆ ಬರಿ ಲಾಠಿ ಸಾಕು ಎಂದು ಹೊರಗೆ ಕುಳಿತ ನಾನು ಹೇಗೆ ಹೇಳಲಿ? ಚೌರಿಚೌರಾದಲ್ಲಿ 1922ರಲ್ಲಿ ಇಪ್ಪತ್ತಕ್ಕೂ ಹೆಚ್ಚು ಪೊಲೀಸರು ಬೆಂಕಿಯಲ್ಲಿ ಸತ್ತರು. ಆದರೆ ಅಲ್ಲಿ ಅವರ ಬಳಿ ಬಂದೂಕು ಇತ್ತು ಎಂಬುದನ್ನು ಪಾಠ ಹೇಳುವಾಗ ನಾವು ಬಿಟ್ಟುಬಿಡುತ್ತೇವೆ. ಮೊದಲು ಅವರು ಗುಂಡು ಹಾರಿಸಿದರು, ಜನ ಸತ್ತರು, ಗುಂಡು ಮುಗಿಯಿತು, ಆಮೇಲೆ ಠಾಣೆಗೆ ಬೆಂಕಿ ಬಿತ್ತು. ಬಂದೂಕು ಕಾಪಾಡುವುದೂ ಉಂಟು, ಕಿಚ್ಚು ಹಚ್ಚುವುದೂ ಉಂಟು.

ಇದನ್ನೆಲ್ಲ ತೂಗಿದ ಮೇಲೆ ನನಗೆ ಸರಿ ಎನಿಸುವುದು ಇಷ್ಟು. ಪ್ರತಿಭಟನಕಾರರ ಮುಖಕ್ಕೆ ಮುಖ ಕೊಟ್ಟು ನಿಲ್ಲುವ ಸಾಲಿನಲ್ಲಿ ಯಾರ ಕೈಯಲ್ಲೂ ಪ್ರಾಣ ತೆಗೆಯುವ ಆಯುಧ ಬೇಡ. ನೂಕುನುಗ್ಗಲಿನಲ್ಲಿ ಅದು ಕಿತ್ತುಕೊಳ್ಳಲೂ ಸುಲಭ. ಜೀವಾಪಾಯದ ಗಳಿಗೆಗೆಂದು ಒಂದು ಸಣ್ಣ ತುಕಡಿ, ಕಣ್ಣಿಗೆ ಬೀಳದಂತೆ ಹಿಂದೆ, ಹೆಸರು ಗೊತ್ತಿರುವ ಒಬ್ಬ ಅಧಿಕಾರಿಯ ಲಿಖಿತ ಹೊಣೆಯಲ್ಲಿ ಇರಲಿ. ಮೊದಲ ಸಾಲಿಗೆ ಬೇಕಾದದ್ದು ಒಳ್ಳೆಯ ಹೆಲ್ಮೆಟ್ಟು, ಗುರಾಣಿ, ಪಾಳಿ ಬದಲಾವಣೆ, ಕುಡಿಯುವ ನೀರು. ಕಾನ್‌ಸ್ಟೆಬಲ್‌ನ ಜೀವದ ಬಗ್ಗೆ ಕಾಳಜಿ ಇದ್ದರೆ ಮೊದಲ ಖರ್ಚು ಇಲ್ಲಿ ಆಗಬೇಕು. ‘ಮಾರಕವಲ್ಲದ ಆಯುಧ’ ಎಂಬ ಹೆಸರನ್ನೂ ನಾನು ಪೂರ್ತಿ ನಂಬುವುದಿಲ್ಲ. ಉತ್ತರ ಐರ್ಲೆಂಡಿನಲ್ಲಿ ರಬ್ಬರ್ ಮತ್ತು ಪ್ಲಾಸ್ಟಿಕ್ ಗುಂಡುಗಳಿಂದಲೇ 17 ಜನ ಸತ್ತರು. 2016ರಲ್ಲಿ ಕಾಶ್ಮೀರದಲ್ಲಿ ಪೆಲೆಟ್‌ಗಳು ಅನೇಕರ ಕಣ್ಣು ಕಳೆದವು.

ತರಗತಿಗೆ ಇದನ್ನು ಒಯ್ಯುವ ಸಹಪ್ರಶಿಕ್ಷಣಾರ್ಥಿಗಳಿಗೆ ಒಂದೆರಡು ಮಾತು. ಮಕ್ಕಳಿಗೆ ಬಂದೂಕಿನ ಚಿತ್ರ ತೋರಿಸುವ ಅಗತ್ಯವಿಲ್ಲ, ಸತ್ತವರ ಫೋಟೊ ಬೇಡವೇ ಬೇಡ. ನಿಮ್ಮ ಅಭಿಪ್ರಾಯ ಕೇಳಿದರೆ ಹೇಳಿ, ಆದರೆ ಲೆಕ್ಕ ಮುಗಿದ ಮೇಲೆ. ಡಿಗ್ರಿಯ ಚಟುವಟಿಕೆಗೆ ಕೋನಮಾಪಕ, ಐದು ಅಡಿ ಬಿದಿರು, ದಾರ ಸಾಕು. ಹೆಚ್ಚಿನ ಶಾಲೆಗಳಲ್ಲಿ 50 ಮೀಟರ್ ಅಂಗಳ ಸಿಗುವುದಿಲ್ಲ. 10 ಮೀಟರ್ ದೂರದ ಗೋಡೆಯ ಮೇಲೆ ಮೊಣಕಾಲಿನ ಎತ್ತರಕ್ಕೆ ಸೀಮೆಸುಣ್ಣದ ಗುರುತು ಹಾಕಿ, ಬಿದಿರನ್ನು ಒಂದು ಡಿಗ್ರಿ ಎತ್ತಿಸಿ, ದಾರ ಗೋಡೆಯನ್ನು ಮುಟ್ಟಿದಲ್ಲಿ ಇನ್ನೊಂದು ಗುರುತು ಹಾಕಿಸಿ. ನಡುವಿನ ಅಂತರ 17 ಸೆಂಟಿಮೀಟರ್ ಆಸುಪಾಸು ಬರುತ್ತದೆ. ಐದರಿಂದ ಗುಣಿಸುವ ಕೆಲಸ ಮಕ್ಕಳದು. ಬಿದಿರನ್ನು ಒಬ್ಬನೇ ಹಿಡಿಯದೆ ಸರದಿಯ ಮೇಲೆ ಎಲ್ಲರೂ ಹಿಡಿಯಲಿ, ಪೂರ್ತಿ ಒಂದು ನಿಮಿಷ ಅಲುಗದಂತೆ.